ಟೆಲಿಮೆಡಿಸಿನ್: ತಂತಿಯ ಈ ತುದಿಯಲ್ಲಿ ಯಾರಿದ್ದಾರೆ?

ಕೃಷ್ಣಾ ನದಿಯ ಕಲ್ಲೋಳ–ಯಡೂರ, ದೂಧಗಂಗೆಯ ಕಾರದಗಾ–ಭೋಜ, ವೇದಗಂಗೆಯ ಅಕ್ಕೋಳ–ಸಿದ್ನಾಳ: ಈ ಕೆಳಹಂತದ ಸೇತುವೆಗಳ ಹೆಸರನ್ನು ಮಳೆಗಾಲದ ಪತ್ರಿಕೆಗಳಲ್ಲಿ ನೀವು ಓದಿರುತ್ತೀರಿ. ಮಹಾರಾಷ್ಟ್ರದ ಪಶ್ಚಿಮ ಘಟ್ಟಗಳಲ್ಲಿ ಮಳೆ ಬಲವಾದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ನದಿತೀರದಲ್ಲಿ ನೀರು ಏರುತ್ತದೆ. ಸೇತುವೆಗಳು ಮುಳುಗುತ್ತವೆ. ನಿನ್ನೆಯವರೆಗೆ ನಾಲ್ಕು ಹೆಜ್ಜೆಯಲ್ಲಿದ್ದ ಆಚೆ ದಡದ ಊರಿಗೆ ಇಂದು ಸುತ್ತುಬಳಸಿ ಹೋಗಬೇಕಾಗುತ್ತದೆ. 2005, 2019 ಮತ್ತು 2021ರ ಪ್ರವಾಹಗಳಲ್ಲಿ ಈ ಭಾಗದ ಜನ ಇದರ ಉಗ್ರರೂಪವನ್ನೇ ಕಂಡರು.

ಅಂಥ ಒಂದು ದಿನ ಆಚೆ ದಡದ ಹಳ್ಳಿಯಲ್ಲಿ ಒಬ್ಬರಿಗೆ ಎದೆನೋವು ಕಾಣಿಸಿಕೊಂಡಿತು ಎಂದು ಭಾವಿಸಿ. ಮನೆಯವರ ಕೈಯಲ್ಲಿ ಮೊಬೈಲ್ ಇದೆ. ಅದರ ಪರದೆಯಲ್ಲಿ ವೈದ್ಯರ ಮುಖ ಕಾಣುತ್ತದೆ, ಮಾತು ಕೇಳುತ್ತದೆ. ಇದೇ ಟೆಲಿಮೆಡಿಸಿನ್, ಅಂದರೆ ದೂರವೈದ್ಯ. ಈಗ ವೈದ್ಯರು "ಕೂಡಲೇ ಇಸಿಜಿ ತೆಗೆಯಿರಿ" ಎಂದರೆ ತೆಗೆಯುವವರು ಯಾರು? "ಈ ಚುಚ್ಚುಮದ್ದು ಕೊಡಿ" ಎಂದರೆ ಕೊಡುವವರು ಯಾರು? ಆ ಮದ್ದು ಆ ದಡದಲ್ಲಿ ಇದೆಯೇ?

ನಮ್ಮಲ್ಲಿ ದೂರವೈದ್ಯವನ್ನು ಕುರಿತು ನಡೆಯುವ ಚರ್ಚೆ ಹೆಚ್ಚಾಗಿ ಉಪಗ್ರಹ, ಅಂತರಜಾಲ, ನಗರದ ತಜ್ಞರು ಇವುಗಳ ಸುತ್ತಲೇ ಸುತ್ತುತ್ತದೆ. ಅವೆಲ್ಲ ತಂತಿಯ ಆ ತುದಿಯ ಸಂಗತಿಗಳು. ಇಂದಿನ ಸಂಪರ್ಕದಲ್ಲಿ ತಂತಿ ಹೆಚ್ಚಾಗಿ ಇಲ್ಲದಿದ್ದರೂ ಎರಡು ತುದಿಗಳಂತೂ ಇದ್ದೇ ಇವೆ. ರೋಗಿ ಇರುವ ಈ ತುದಿಯಿಂದ ನೋಡಿದರೆ ಈ ತಂತ್ರಜ್ಞಾನ ಹೇಗೆ ಕಾಣುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಐಂಥೋವೆನ್ ಕಲಿಸಿದ ಪಾಠ

ದೂರವೈದ್ಯದ ಚರಿತ್ರೆ ಗಣಕಯಂತ್ರಕ್ಕಿಂತ ಹಳೆಯದು. ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ವಿಲ್ಲೆಮ್ ಐಂಥೋವೆನ್ ಹೃದಯದ ವಿದ್ಯುತ್ ಸಂಕೇತಗಳನ್ನು ದಾಖಲಿಸುವ ತಂತು ಗ್ಯಾಲ್ವನೋಮೀಟರನ್ನು ರೂಪಿಸಿದ್ದರು. ಸುಮಾರು 270 ಕಿ.ಗ್ರಾಂ. ತೂಕದ ಆ ಯಂತ್ರವನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ರೋಗಿಗಳನ್ನು ಪ್ರಯೋಗಾಲಯಕ್ಕೆ ತರುವುದೂ ಕಷ್ಟವಿತ್ತು. 1905ರಲ್ಲಿ ಅವರು ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಸಂಕೇತವನ್ನು ಸುಮಾರು 1.5 ಕಿ.ಮೀ. ದೂರದ ತಮ್ಮ ಪ್ರಯೋಗಾಲಯಕ್ಕೆ ದೂರವಾಣಿ ತಂತಿಯ ಮೂಲಕ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಈ ಕಥೆಯಲ್ಲಿ ಸಾಮಾನ್ಯವಾಗಿ ಹೇಳದೆ ಬಿಡುವ ಒಂದು ಅಂಶವಿದೆ. ಆಗ ಇಂದಿನಂತೆ ಅಂಟಿಸುವ ವಿದ್ಯುದಗ್ರಗಳು ಇರಲಿಲ್ಲ. ರೋಗಿಯ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಡಬೇಕಿತ್ತು. ಐಂಥೋವೆನ್ ಒಂದೂವರೆ ಕಿ.ಮೀ. ದೂರದಲ್ಲಿ ಕುಳಿತಿದ್ದಾಗ, ರೋಗಿಯ ಬಳಿ ನಿಂತು ಆ ಕೆಲಸವನ್ನು ಸರಿಯಾಗಿ ಮಾಡುವ ಕೈಗಳು ಬೇಕಿದ್ದವು. ತಂತಿಯ ಈ ತುದಿಯಲ್ಲಿ ತಿಳಿದವರಿಲ್ಲದಿದ್ದರೆ ಆ ತುದಿಯ ಮೇಧಾವಿಗೆ ನೋಡಲು ಏನೂ ಇರುವುದಿಲ್ಲ.

ಭಾರತದಲ್ಲಿ ಈ ವಿಷಯ ಸುದ್ದಿಯಾದದ್ದು 2000ದ ಸುಮಾರಿಗೆ, ಆಂಧ್ರಪ್ರದೇಶದ ಅರಗೊಂಡ ಗ್ರಾಮದ ಆಸ್ಪತ್ರೆಗೆ ನಗರದ ತಜ್ಞರ ಸಂಪರ್ಕ ಕಲ್ಪಿಸಿದಾಗ. 2001ರಲ್ಲಿ ಇಸ್ರೊ ಉಪಗ್ರಹ ಆಧಾರಿತ ಯೋಜನೆಯನ್ನು ಆರಂಭಿಸಿತು. ಕರ್ನಾಟಕದಲ್ಲಿ 2002ರಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಉಪಗ್ರಹದ ಮೂಲಕ ಜೋಡಿಸಲಾಯಿತು. ಭೂಸ್ಥಿರ ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿರುತ್ತದೆ. ಮಾತು ಮೇಲೆ ಹೋಗಿ ಕೆಳಗೆ ಬರಲು 72,000 ಕಿ.ಮೀ. ಸಾಗಬೇಕು. ಬೆಳಕಿನ ವೇಗದಲ್ಲಿ ಇದಕ್ಕೆ ಸುಮಾರು ಕಾಲು ಸೆಕೆಂಡು ಸಾಕು. ದೂರ ಎಂಬ ಸಮಸ್ಯೆಯನ್ನು ಭೌತವಿಜ್ಞಾನ ಆಗಲೇ ಬಿಡಿಸಿತ್ತು ಎಂದಾಯಿತು. ಉಳಿದ ಸಮಸ್ಯೆಗಳು ಬೇರೆ ಬಗೆಯವು.

ಏನು ಸಾಗುತ್ತದೆ, ಏನು ಸಾಗುವುದಿಲ್ಲ?

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಇಸಿಜಿಯಲ್ಲಿ 12 ರೇಖೆಗಳು, ಪ್ರತಿ ರೇಖೆಯಲ್ಲಿ ಸೆಕೆಂಡಿಗೆ 500 ಅಳತೆ, ಒಟ್ಟು 10 ಸೆಕೆಂಡು, ಪ್ರತಿ ಅಳತೆಗೆ 2 ಬೈಟ್ ಎಂದಿಟ್ಟುಕೊಳ್ಳಿ. ಒಟ್ಟು 1,20,000 ಬೈಟ್, ಅಂದರೆ 9,60,000 ಬಿಟ್. ಸೆಕೆಂಡಿಗೆ 64,000 ಬಿಟ್ ಸಾಗಿಸುವ ನಿಧಾನದ ಸಂಪರ್ಕದಲ್ಲೂ ಇದು 15 ಸೆಕೆಂಡಿನಲ್ಲಿ ತಲುಪುತ್ತದೆ. ಇನ್ನು 2000×2500 ಬಿಂದುಗಳ, ಬಿಂದುವಿಗೆ 2 ಬೈಟಿನ ಒಂದು ಎಕ್ಸ್‌ರೇ ಚಿತ್ರವನ್ನು ತೆಗೆದುಕೊಳ್ಳಿ. ಅದು 8 ಕೋಟಿ ಬಿಟ್. ಅದೇ ಸಂಪರ್ಕದಲ್ಲಿ 1250 ಸೆಕೆಂಡು, ಸುಮಾರು 21 ನಿಮಿಷ ಬೇಕು. ಸೆಕೆಂಡಿಗೆ 40 ಲಕ್ಷ ಬಿಟ್ ಸಾಗಿಸುವ ಸಂಪರ್ಕವಿದ್ದರೆ 20 ಸೆಕೆಂಡು ಸಾಕು. ಹೃದಯದ ವಿಷಯದಲ್ಲಿ ನೆಟ್‌ವರ್ಕ್ ನಿಧಾನವೆಂಬುದು ಅಷ್ಟು ದೊಡ್ಡ ಅಡ್ಡಿಯಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಆ 12 ರೇಖೆಗಳನ್ನು ಪಡೆಯಲು ಯಂತ್ರ ಮತ್ತು ವಿದ್ಯುದಗ್ರಗಳನ್ನು ಸರಿಯಾದ ಜಾಗದಲ್ಲಿ ಅಂಟಿಸಬಲ್ಲ ದಾದಿ ಇರಬೇಕು, ಅಷ್ಟೆ.

ಎಲ್ಲವೂ ಹೀಗೆ ಸುಲಭವಾಗಿ ಸಾಗುವುದಿಲ್ಲ. ಮೊಬೈಲನ್ನು ಎದೆಯ ಮೇಲಿಟ್ಟರೆ ವೈದ್ಯರಿಗೆ ಹೃದಯದ ಬಡಿತ ಕೇಳಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸಾಮಾನ್ಯ ದೂರವಾಣಿ ವ್ಯವಸ್ಥೆಯನ್ನು ಮನುಷ್ಯರ ಮಾತಿಗಾಗಿ ರೂಪಿಸಲಾಗಿದೆ. ಅದು ಸುಮಾರು 300ರಿಂದ 3400 ಹರ್ಟ್ಸ್ ವರೆಗಿನ ಧ್ವನಿಯನ್ನು ಸಾಗಿಸುತ್ತದೆ. ಹೃದಯದ ಸಹಜ ಶಬ್ದಗಳ ಹೆಚ್ಚಿನ ಭಾಗ 200 ಹರ್ಟ್ಸ್‌ಗಿಂತ ಕೆಳಗಿದೆ. ಸಾಲದ್ದಕ್ಕೆ ಇಂದಿನ ಮೊಬೈಲುಗಳು ಮಾತಲ್ಲದ ಸದ್ದನ್ನು ಗದ್ದಲವೆಂದು ಎಣಿಸಿ ಅಳಿಸಿಹಾಕುತ್ತವೆ. ಆದ್ದರಿಂದ ಇದಕ್ಕೆ ಬೇರೆಯೇ ಎಲೆಕ್ಟ್ರಾನಿಕ್ ಸ್ಟೆತಸ್ಕೋಪ್ ಬೇಕು.

ಬಣ್ಣದ್ದೂ ಇದೇ ಕಥೆ. ಕಾಮಾಲೆಯಲ್ಲಿ ಕಣ್ಣಿನ ಬಿಳಿಭಾಗ ಹಳದಿಯಾಗುತ್ತದೆ. ರಕ್ತಹೀನತೆಯಲ್ಲಿ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುತ್ತದೆ. ಕ್ಯಾಮೆರಾ ಸುತ್ತಲಿನ ಬೆಳಕಿಗೆ ಹೊಂದಿಸಿಕೊಂಡು ಬಣ್ಣಗಳನ್ನು ತಾನೇ ಸರಿಪಡಿಸುತ್ತದೆ. ಮದುವೆಯ ಚಿತ್ರಕ್ಕೆ ಇದು ಅನುಕೂಲ. ರೋಗಲಕ್ಷಣವನ್ನೇ ಮರೆಮಾಡಿದರೆ ಅಪಾಯ. ಇನ್ನು ಸ್ಪರ್ಶ: ಹೊಟ್ಟೆಯನ್ನು ಒತ್ತಿ ಅಪೆಂಡಿಸೈಟಿಸ್ ಸಂದೇಹಿಸುವುದು, ಗರ್ಭಿಣಿಯ ಹೊಟ್ಟೆ ಮುಟ್ಟಿ ಮಗುವಿನ ತಲೆ ಎತ್ತ ಇದೆ ಎಂದು ತಿಳಿಯುವುದು, ಇವುಗಳನ್ನು ಪರದೆ ಮಾಡಲಾರದು. ರೋಗಿಯ ಬಳಿ ಇರುವ ತರಬೇತಾದ ಕೈ ಮಾತ್ರ ಮಾಡಬಲ್ಲದು.

ಮಾರ್ಗಸೂಚಿಯ ಗುಣದೋಷ

ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 25ರಂದು, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ವೃತ್ತಿ ಮಾರ್ಗಸೂಚಿಯನ್ನು ಹೊರಡಿಸಿತು. ಅಲ್ಲಿಯವರೆಗೆ ದೂರದಿಂದ ಔಷಧ ಬರೆದುಕೊಡುವುದು ಕಾನೂನಿನಲ್ಲಿ ಅಸ್ಪಷ್ಟವಾಗಿತ್ತು. ಈ ದಸ್ತಾವೇಜು ಆ ಗೊಂದಲವನ್ನು ನಿವಾರಿಸಿದ್ದು ದೊಡ್ಡ ಉಪಕಾರ. ವೈದ್ಯರು ತಮ್ಮ ಹೆಸರು, ಅರ್ಹತೆ ತಿಳಿಸಬೇಕು. ಔಷಧಚೀಟಿಯಲ್ಲಿ ನೋಂದಣಿ ಸಂಖ್ಯೆ ಇರಬೇಕು. ಕೃತಕ ಬುದ್ಧಿಮತ್ತೆ ವೈದ್ಯರಿಗೆ ನೆರವಾಗಬಹುದೇ ಹೊರತು ತಾನೇ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ. ದೂರದಿಂದ ನೋಡುವುದು ಸಾಲದು ಎನಿಸಿದರೆ ರೋಗಿಯನ್ನು ನೇರವಾಗಿ ಕರೆಸಬೇಕು. ಇವೆಲ್ಲ ವಿವೇಕದ ನಿಯಮಗಳು.

ಆದರೆ ಕಾಗವಾಡದಲ್ಲೋ ರಾಯಬಾಗದಲ್ಲೋ ಕುಳಿತು ಇದನ್ನು ಓದಿದರೆ ಎರಡು ಕೊರತೆಗಳು ಕಾಣುತ್ತವೆ.

ಮೊದಲನೆಯದು ಔಷಧಗಳ ಪಟ್ಟಿ. ಪ್ಯಾರಾಸಿಟಮಾಲ್, ಓಆರ್‌ಎಸ್‌ನಂಥ ಸಾಮಾನ್ಯ ಔಷಧಗಳನ್ನು ಯಾವ ಬಗೆಯ ಸಂಪರ್ಕದಲ್ಲಾದರೂ ಸೂಚಿಸಬಹುದು. ಇದು 'ಓ' ಪಟ್ಟಿ. ಚರ್ಮದ ಮುಲಾಮು, ಕಣ್ಣಿನ ಹನಿ ಮುಂತಾದವು 'ಎ' ಪಟ್ಟಿಯಲ್ಲಿವೆ. ಮೊದಲ ಭೇಟಿಯಲ್ಲೇ ಇವನ್ನು ಬರೆಯಬೇಕಾದರೆ ಆ ಭೇಟಿ ವಿಡಿಯೊ ಮೂಲಕ ಆಗಿರಬೇಕು. ರೋಗಿಯನ್ನು ಕಾಣದೆ ಔಷಧ ಬರೆಯಬಾರದು ಎಂಬ ನಿಯಮದ ಹಿಂದಿನ ಕಾಳಜಿ ಸರಿಯಾದದ್ದೇ. ಆದರೆ ಇದರ ಫಲವೇನು ನೋಡಿ. ವಿಡಿಯೊ ಬರುವ ಊರಿನವರಿಗೆ ಒಂದು ಬಗೆಯ ಚಿಕಿತ್ಸೆ, ಮಾತು ಮಾತ್ರ ಕೇಳುವ ಊರಿನವರಿಗೆ ಇನ್ನೊಂದು. ಪ್ರವಾಹ ಬಂದು ವಿದ್ಯುತ್ ನಿಂತು, ಮೊಬೈಲ್ ಗೋಪುರದ ಬ್ಯಾಟರಿ ಬರಿದಾಗುವ ದಿನವೇ ಸೇತುವೆಯೂ ಮುಳುಗಿರುತ್ತದೆ. ಅತಿ ಹೆಚ್ಚು ಅಗತ್ಯವಿರುವಾಗಲೇ ಅತಿ ಕಡಿಮೆ ದೊರೆಯುವ ಸೇವೆ ಇದಾಗಬಾರದು.

ಎರಡನೆಯದು ಭಾಷೆ. ವೈದ್ಯರು ಗಮನಿಸಬೇಕಾದ ಏಳು ಅಂಶಗಳನ್ನು ಮಾರ್ಗಸೂಚಿ ಹೇಳುತ್ತದೆ: ಸಂದರ್ಭ, ಪರಸ್ಪರ ಗುರುತು, ಸಂಪರ್ಕದ ಬಗೆ, ಒಪ್ಪಿಗೆ, ಸಮಾಲೋಚನೆಯ ಬಗೆ, ರೋಗಿಯ ಪರೀಕ್ಷೆ ಮತ್ತು ಚಿಕಿತ್ಸೆ. ಭಾಷೆ ಎಂಬ ಎಂಟನೆಯ ಅಂಶ ಆ ಪಟ್ಟಿಯಲ್ಲಿಲ್ಲ. ಈ ಐದು ತಾಲ್ಲೂಕುಗಳಲ್ಲಿ ಒಂದೇ ಓಣಿಯಲ್ಲಿ ಕನ್ನಡವೂ ಮರಾಠಿಯೂ ಇವೆ. ಉಸಿರಾಟ ಕಷ್ಟವಾದರೆ ಒಬ್ಬರು "ದಮ್ಮ ಹತ್ತೇತ್ರಿ" ಎನ್ನುತ್ತಾರೆ, ಪಕ್ಕದ ಮನೆಯವರು "ಧಾಪ ಲಾಗತೇ" ಎನ್ನುತ್ತಾರೆ. ಮೈಸೂರು ಸೀಮೆಯಲ್ಲಿ ಓದಿ ಬೆಳೆದ ಯುವ ವೈದ್ಯರಿಗೆ 'ದಮ್ಮು' ಎಂದರೆ ಧೈರ್ಯವೆಂದೋ ಹಳೆಯ ಉಬ್ಬಸವೆಂದೋ ತೋರಬಹುದು. ಈಗಷ್ಟೇ ಶುರುವಾದ ಉಸಿರುಗಟ್ಟುವಿಕೆಗೂ ಹತ್ತು ವರ್ಷದ ಉಬ್ಬಸಕ್ಕೂ ಚಿಕಿತ್ಸೆ ಒಂದೇ ಅಲ್ಲ. ಎದುರಿಗೆ ಕುಳಿತ ವೈದ್ಯರು ರೋಗಿಯ ಎದೆ ಏರಿಳಿಯುವುದನ್ನು ನೋಡಿ ತಿದ್ದಿಕೊಳ್ಳುತ್ತಾರೆ. ಫೋನಿನಲ್ಲಿ ಮಾತೊಂದೇ ಸಾಕ್ಷಿ. ಆಗ ಸ್ಥಳೀಯ ನುಡಿ ಬಲ್ಲ ಆರೋಗ್ಯ ಕಾರ್ಯಕರ್ತೆ ಅರ್ಧ ವೈದ್ಯೆಯಾಗಿಬಿಡುತ್ತಾಳೆ.

ಹತ್ತು ಕೋಟಿ ಕರೆಗಳು

2019ರ ನವೆಂಬರಿನಲ್ಲಿ ಆರಂಭವಾದ ಇ-ಸಂಜೀವಿನಿ ಈಗ ಸರ್ಕಾರದ ಮುಖ್ಯ ದೂರವೈದ್ಯ ಸೇವೆ. ಉಪಕೇಂದ್ರದಲ್ಲಿ ಕುಳಿತ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯನ್ನು ಪರೀಕ್ಷಿಸಿ ವೈದ್ಯರೊಡನೆ ಸಂಪರ್ಕ ಕಲ್ಪಿಸುವುದು ಇದರ ಒಂದು ಬಗೆ. ರೋಗಿ ಮನೆಯಿಂದಲೇ ವೈದ್ಯರನ್ನು ಕಾಣುವುದು 2020ರ ಏಪ್ರಿಲ್‌ನಲ್ಲಿ ಬಂದ ಇನ್ನೊಂದು ಬಗೆ. 2023ರ ಫೆಬ್ರುವರಿ ಹೊತ್ತಿಗೆ ಒಟ್ಟು ಸಮಾಲೋಚನೆಗಳು 10 ಕೋಟಿ ದಾಟಿದವು.

ಈ ಸಾಧನೆಯನ್ನು ಹಗುರವಾಗಿ ಕಾಣಬಾರದು. ರಕ್ತದೊತ್ತಡದ ಗುಳಿಗೆಯನ್ನು ಮುಂದುವರಿಸಲು ಒಂದು ಮಾತು ಕೇಳಬೇಕೆಂದು ಕಬ್ಬು ಕಡಿಯುವ ಕೂಲಿಕಾರರು ಒಂದು ದಿನದ ದುಡಿಮೆ ಬಿಟ್ಟು, ಬಸ್ಸಿನ ಖರ್ಚು ಹಾಕಿಕೊಂಡು ತಾಲ್ಲೂಕು ಕೇಂದ್ರಕ್ಕೆ ಹೋಗುವುದು ತಪ್ಪಿದರೆ ಅದು ನಿಜವಾದ ಲಾಭ. ನಿಪ್ಪಾಣಿಯಲ್ಲಿ ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ಹೆಂಗಸರ ಹಳೆಯ ಕೆಮ್ಮಿನ ಮರುಪರಿಶೀಲನೆಗೂ ಇದು ಒದಗುತ್ತದೆ.

ಆದರೆ ವಿಜ್ಞಾನದ ವಿದ್ಯಾರ್ಥಿಗಳಾಗಿ ನಾವು ಕೇಳಬೇಕಾದದ್ದು: ಇಲ್ಲಿ ಅಳೆದದ್ದು ಏನನ್ನು? 10 ಕೋಟಿ ಎಂಬುದು ಕರೆಗಳ ಸಂಖ್ಯೆ. ಅವುಗಳಲ್ಲಿ ಎಷ್ಟು ಮಂದಿಗೆ ಬರೆದ ಔಷಧ ಅದೇ ದಿನ ಸಿಕ್ಕಿತು, ಎಷ್ಟು ಮಂದಿಯ ರಕ್ತದೊತ್ತಡ ಆರು ತಿಂಗಳ ಬಳಿಕ ಹತೋಟಿಗೆ ಬಂತು, ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಹೇಳಿಸಿಕೊಂಡವರಲ್ಲಿ ಎಷ್ಟು ಮಂದಿ ನಿಜವಾಗಿ ಹೋದರು ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಶಾಲೆಯ ಗುಣವನ್ನು ಗಂಟೆ ಬಾರಿಸಿದ ಸಂಖ್ಯೆಯಿಂದ ಅಳೆಯುತ್ತೇವೆಯೇ? ಗುರಿ ಕರೆಗಳ ಸಂಖ್ಯೆಯಾದರೆ ವ್ಯವಸ್ಥೆ ಕರೆಗಳನ್ನು ಹೆಚ್ಚಿಸಲು ಕಲಿಯುತ್ತದೆ. ಗುರಿ ಗುಣವಾದವರ ಸಂಖ್ಯೆಯಾದರೆ ಮಾತ್ರ ಗುಣಪಡಿಸಲು ಕಲಿಯುತ್ತದೆ.

ಎಲ್ಲಿ ಗೆದ್ದಿದೆ?

ದೂರವೈದ್ಯ ನಿಜವಾಗಿ ಫಲಕೊಟ್ಟ ಉದಾಹರಣೆಗಳು ನಮ್ಮ ರಾಜ್ಯದಲ್ಲೇ ಇವೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡುತನ ಬರುವುದುಂಟು. ಇದನ್ನು ತಕ್ಕ ಕಾಲದಲ್ಲಿ ಗುರುತಿಸಿದರೆ ಲೇಸರ್ ಚಿಕಿತ್ಸೆಯಿಂದ ತಡೆಯಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ 'ಕಿಡ್ರಾಪ್' ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ, ಕಣ್ಣಿನ ಚಿತ್ರ ತೆಗೆಯುತ್ತಾರೆ. ಆ ಚಿತ್ರಗಳನ್ನು ದೂರದ ತಜ್ಞರು ನೋಡುತ್ತಾರೆ.

ಇನ್ನೊಂದು, 2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಿಂದ ಓದಿ, ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಕೊಡುವುದು ಇದರ ಕ್ರಮ. ಜಯದೇವ ಹೃದ್ರೋಗ ಸಂಸ್ಥೆ ಇದರ ಬೆನ್ನೆಲುಬು. ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುವಾಗ ಅಥಣಿಯಂಥ ಊರಿನಿಂದ ನೂರು ಕಿ.ಮೀ.ಗೂ ಹೆಚ್ಚು ದೂರದ ಬೆಳಗಾವಿಗೆ ಹೋಗುವ ಮೊದಲೇ ಚಿಕಿತ್ಸೆ ಶುರುವಾಗುವುದು ಎಷ್ಟು ಮುಖ್ಯವೆಂಬುದನ್ನು ವಿವರಿಸಬೇಕಿಲ್ಲ.

ಮೂರನೆಯದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್. 14416 ಸಂಖ್ಯೆಗೆ ಕರೆ ಮಾಡಿದರೆ ಮಾನಸಿಕ ಆರೋಗ್ಯದ ನೆರವು ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕರೆ ಮಾಡುವವರು ಕನ್ನಡ, ಮರಾಠಿ ಸೇರಿದಂತೆ ತಮಗೆ ಬೇಕಾದ ಭಾಷೆಯನ್ನು ಆರಿಸಿಕೊಳ್ಳಬಹುದು. ಮಾತೇ ಚಿಕಿತ್ಸೆಯಾಗಿರುವ ಕಡೆ ಮುಟ್ಟಿ ನೋಡುವ ಅಗತ್ಯ ಕಡಿಮೆ. ಭಾಷೆಯನ್ನೂ ಇಲ್ಲಿ ಮೊದಲೇ ಯೋಚಿಸಲಾಗಿದೆ.

ಈ ಮೂರರಲ್ಲೂ ಸಮಾನವಾದುದೇನು? ಕೇಳುವ ಪ್ರಶ್ನೆ ನಿರ್ದಿಷ್ಟವಾಗಿದೆ. ಆ ಪ್ರಶ್ನೆಗೆ ಬೇಕಾದ ಕೈ, ಕ್ಯಾಮೆರಾ ಅಥವಾ ನುಡಿ ಸಿದ್ಧವಾಗಿದೆ. ಉತ್ತರ ಬಂದ ಮೇಲೆ ಏನು ಮಾಡಬೇಕೆಂಬುದೂ ಮೊದಲೇ ಗೊತ್ತಿದೆ. ಇದಕ್ಕೆ ವಿರುದ್ಧವಾದ ಉದಾಹರಣೆ ಹಾವು ಕಡಿತ. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದಾಗ ಫೋನಿನಲ್ಲಿ ತಜ್ಞರು ಎಷ್ಟು ಸರಿಯಾದ ಸಲಹೆ ಕೊಟ್ಟರೂ, ವಿಷನಿರೋಧಕ ಔಷಧದ ಸೀಸೆ ಹತ್ತಿರದ ದವಾಖಾನೆಯಲ್ಲಿ ಇಲ್ಲದಿದ್ದರೆ ಆ ಸಲಹೆಯಿಂದ ವಿಷ ಇಳಿಯುವುದಿಲ್ಲ.

ಗಡಿಯ ಎರಡೂ ಬದಿ

ಈ ತಾಲ್ಲೂಕುಗಳಿಗೆ ವಿಶೇಷವಾದ ಇನ್ನೊಂದು ಸಂಗತಿಯಿದೆ. ಕಾಗವಾಡದವರಿಗೆ ಮಹಾರಾಷ್ಟ್ರದ ಮೀರಜ್ ಬೆಳಗಾವಿಗಿಂತ ಬಹಳ ಹತ್ತಿರ. ಮೀರಜ್‌ನಲ್ಲಿ ವಿಲಿಯಂ ವಾನ್‌ಲೆಸ್ 1894ರಲ್ಲಿ ಆಸ್ಪತ್ರೆ ತೆರೆದ ಕಾಲದಿಂದ ಆ ಊರು ಸುತ್ತಲಿನ ಸೀಮೆಗೆಲ್ಲ ವೈದ್ಯಕೀಯ ಕೇಂದ್ರ. ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ. ರೋಗ ಬಂದಾಗ ಯಾರೂ ನಕ್ಷೆಯ ಗೆರೆ ನೋಡುವುದಿಲ್ಲ.

2020ರ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ದೇಶದ ಯಾವ ಭಾಗದ ರೋಗಿಗಾದರೂ ದೂರದಿಂದ ಸಲಹೆ ಕೊಡಬಹುದು. ನಿಯಮದಲ್ಲಿ ಗಡಿ ಅಳಿಸಿದೆ. ಆದರೆ ಸರ್ಕಾರಿ ಸೇವೆಗಳು ರಾಜ್ಯವಾರು ನಡೆಯುತ್ತವೆ. ಮೀರಜ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮುಂದಿನ ಆರೈಕೆ ಅಥಣಿಯ ಉಪಕೇಂದ್ರದಲ್ಲಿ ಆಗಬೇಕಾದರೆ, ಅಲ್ಲಿಯ ದಾಖಲೆ ಇಲ್ಲಿಯವರಿಗೆ ಕಾಣಬೇಕು. 2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಗಳ ಆರೋಗ್ಯ ಸಂಖ್ಯೆ ಇದಕ್ಕೆಂದೇ ಇದೆ. ಎರಡೂ ಬದಿಯ ಆಸ್ಪತ್ರೆಗಳು ದಾಖಲೆಗಳನ್ನು ಅದಕ್ಕೆ ಜೋಡಿಸಿದರೆ ಮಾತ್ರ ಅದರಿಂದ ಪ್ರಯೋಜನ. ಗಡಿ ತಾಲ್ಲೂಕುಗಳಿಗೆ ಹೊಸ ತಂತ್ರಜ್ಞಾನಕ್ಕಿಂತ ಇಂಥ ಹೊಂದಾಣಿಕೆ ತುರ್ತಾಗಿ ಬೇಕು.

ನೀವೇನು ಮಾಡಬಹುದು?

ದೂರವೈದ್ಯ ಬೇಡ ಎಂಬುದು ಈ ಲೇಖನದ ಅಭಿಪ್ರಾಯವಲ್ಲ. ಖರ್ಚು ಮಾಡುವ ಪ್ರತಿ ರೂಪಾಯಿಯಲ್ಲಿ ಈ ತುದಿಗೆ ಎಷ್ಟು ಬಂತು ಎಂದು ಕೇಳಬೇಕು ಎಂಬುದಷ್ಟೇ ವಾದ. ಪರದೆ, ಕ್ಯಾಮೆರಾಗಳನ್ನು ಒಮ್ಮೆ ಕೊಂಡರಾಯಿತು. ದಾದಿಯ ಸಂಬಳ, ಔಷಧದ ದಾಸ್ತಾನು, ಬ್ಯಾಟರಿಯ ನಿರ್ವಹಣೆ ಪ್ರತಿ ತಿಂಗಳ ಖರ್ಚು. ಉದ್ಘಾಟನೆಯ ಚಿತ್ರದಲ್ಲಿ ಇವು ಕಾಣುವುದಿಲ್ಲವಾದ್ದರಿಂದ ಮೊದಲು ಕೈಬಿಡುವುದೂ ಇವನ್ನೇ.

ಶಿಕ್ಷಕರೇ, ನಿಮ್ಮ ವಿದ್ಯಾರ್ಥಿಗಳೊಡನೆ ಊರಿನ ಉಪಕೇಂದ್ರಕ್ಕೆ, ಅಂದರೆ ಈಗಿನ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ, ಅನುಮತಿ ಪಡೆದು ಒಮ್ಮೆ ಹೋಗಿ ಬನ್ನಿ. ರೋಗಿಗಳ ಹೆಸರು, ವಿವರ ಕೇಳಬೇಡಿ. ವ್ಯವಸ್ಥೆಯನ್ನು ಕುರಿತು ಐದು ಪ್ರಶ್ನೆ ಕೇಳಿ: ವಿದ್ಯುತ್ ಹೋದರೆ ದೂರಸಂಪರ್ಕ ಎಷ್ಟು ಗಂಟೆ ನಡೆಯುತ್ತದೆ? ಕಳೆದ ತಿಂಗಳು ವಿಡಿಯೊ ಎಷ್ಟು ದಿನ ಸರಿಯಾಗಿ ಬಂತು? ದೂರದ ವೈದ್ಯರು ಬರೆದ ಔಷಧಗಳಲ್ಲಿ ಎಷ್ಟು ಇಲ್ಲಿಯೇ ಸಿಗುತ್ತವೆ? ಹತ್ತಿರದ ಇಸಿಜಿ ಯಂತ್ರ ಎಲ್ಲಿದೆ, ಅದನ್ನು ಬಳಸಬಲ್ಲವರು ಯಾರು? ಸೇತುವೆ ಮುಳುಗಿದ ದಿನ ರೋಗಿಯನ್ನು ಯಾವ ದಾರಿಯಲ್ಲಿ ಸಾಗಿಸುತ್ತೀರಿ? ಉತ್ತರಗಳನ್ನು ಬರೆದು ಗ್ರಾಮ ಪಂಚಾಯಿತಿಗೆ ಒಂದು ಪ್ರತಿ ಕೊಡಿ. ಕೇಂದ್ರದ ಸಿಬ್ಬಂದಿಯ ತಪ್ಪು ಹುಡುಕುವುದು ಇದರ ಉದ್ದೇಶವಲ್ಲ. ಅವರಿಗೆ ಏನು ಕೊರತೆಯಿದೆ ಎಂಬುದನ್ನು ಊರಿಗೆ ತಿಳಿಸುವುದು ಉದ್ದೇಶ. ಮುಂದಿನ ಮಳೆಗಾಲಕ್ಕೆ ಮುಂಚೆ ಈ ಕೆಲಸ ಆದರೆ ಒಳ್ಳೆಯದು.